ಬಲಗಿವಿ ಮುಚ್ಚಿಕೊಳ್ಳಿ, ಅತ್ತೆ

ಕಿವಿಯಮ್ಮ ಆ ಯಂತ್ರದ ಹೆಸರನ್ನು ಮೊದಲ ಸಲ ಕೇಳಿದ್ದು ಒಣಗಿದ ಬಟ್ಟೆ ಮಡಚುತ್ತ ಕೂತಿದ್ದ ಒಂದು ಭಾನುವಾರ. (ಕೇಳಿದ್ದು ಬಲಗಿವಿಯಲ್ಲಿ. ಇದನ್ನು ಈಗಲೇ ಹೇಳಿಬಿಡುವುದು ವಾಸಿ.) ಚಿಕ್ಕ ಅಳಿಯ ಬಾಗಿಲಲ್ಲಿ ನಿಂತು, ಹೆರಿಗೆ ಆಯಿತೆಂಬ ಸುದ್ದಿ ತಂದವನ ಮುಖ ಮಾಡಿಕೊಂಡು, "ಅತ್ತೆ, ಬುಧವಾರ ನಮ್ಮನೆಗೆ ರಿಸೀವರ್ ಬರ್ತಿದೆ," ಎಂದ. ಯಾರೋ ಅವನ ಕಡೆಯ ನೆಂಟರಿರಬೇಕೆಂದು ಕಿವಿಯಮ್ಮ, "ಬರಲಿ ಅಳಿಯಂದ್ರೆ, ಎಷ್ಟು ದಿನ ಇರ್ತಾರೆ?" ಎಂದು ಕೇಳಿ ಬೀರುವಿನಿಂದ ಒಳ್ಳೆಯ ಹೊದಿಕೆಯೊಂದನ್ನು ತೆಗೆದಿಟ್ಟಳು. (ನೆಂಟರನ್ನು 'ಬರ್ತಿದೆ' ಅನ್ನುತ್ತಾನಲ್ಲ, ಇಷ್ಟೇನೇ ಇವನ ಗೌರವ ಎಂದು ಮನಸ್ಸಿನಲ್ಲೇ ಅಂದುಕೊಂಡಳು.)

ಕಿವಿಯಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಕೊಟ್ಟ ಬಿರುದು. ಒಂದು ಕಾಲದಲ್ಲಿ ಪಕ್ಕದ ಮನೆಯ ಒಲೆಯ ಮೇಲೆ ಹಾಲು ಉಕ್ಕಲು ಹೊರಟರೆ ಈ ಮನೆಯಲ್ಲಿ ನಿಂತೇ ಗೋಡೆ ಬಡಿದು ಎಚ್ಚರಿಸುತ್ತಿದ್ದ ಹೆಂಗಸು ಆಕೆ. ಗೇಟಿನ ಕೊಂಡಿ ಸದ್ದು ಮಾಡಿದರೆ ಬಂದವನು ಅಂಚೆಯವನೋ ಮೀಟರ್ ನೋಡುವವನೋ ಹೇಳುತ್ತಿದ್ದಳು. ಗಂಡ ಬದುಕಿದ್ದಾಗ ಅವರು ಮೆಟ್ಟಿಲ ಮೇಲೆ ಚಪ್ಪಲಿ ಬಿಡುವ ಸದ್ದಿನಿಂದಲೇ ಇವತ್ತು ಆಫೀಸಿನಲ್ಲಿ ಬೈಸಿಕೊಂಡು ಬಂದಿದ್ದಾರೋ ಬೈದು ಬಂದಿದ್ದಾರೋ ಎಂದು ತಿಳಿದು, ಅದಕ್ಕೆ ತಕ್ಕಂತೆ ಕಾಫಿಗೆ ಸಕ್ಕರೆ ಹಾಕುತ್ತಿದ್ದಳು.

ಅಂಥ ಕಿವಿಗಳಲ್ಲಿ ಎಡಗಡೆಯದು ಎರಡು ವರ್ಷದ ಹಿಂದೆ, ಹೇಳದೆ ಕೇಳದೆ ಮನೆ ಖಾಲಿ ಮಾಡಿದ ಬಾಡಿಗೆದಾರನ ಹಾಗೆ, ಹೊರಟುಹೋಗಿತ್ತು. ಕಿವಿಯಮ್ಮ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ತನ್ನ ಅತ್ತೆಗೆ ಕಿವಿ ಹೋದ ಮೇಲೆ ಮನೆಯವರು ಏನು ಮಾಡಿದರೆಂದು ಆಕೆ ಕಣ್ಣಾರೆ ಕಂಡವಳು. ಊಟಕ್ಕೆ ಕೈಸನ್ನೆ ಮಾಡಿ ಕರೆಯುವುದೊಂದು ಬಿಟ್ಟರೆ ಆ ಮುದುಕಿಗೆ ಲೋಕದ ಒಂದು ಸುದ್ದಿಯೂ ಮುಟ್ಟುತ್ತಿರಲಿಲ್ಲ. ಸುದ್ದಿಯಿಲ್ಲದ ಊಟ ಯಾರಿಗೆ ಬೇಕು? ಹಾಗಾಗಿ ಕಿವಿಯಮ್ಮ ಮಾತಾಡುವವರ ತುಟಿ ನೋಡಿ ಅರ್ಧ, ಬಲಗಿವಿಯಿಂದ ಅರ್ಧ, ಊಹೆಯಿಂದ ಮಿಕ್ಕಿದ್ದು ಎಂದು ಸಂಸಾರ ತೂಗಿಸುತ್ತಿದ್ದಳು. ಬಿರುದಿಗೆ ಚ್ಯುತಿ ಬಂದಿರಲಿಲ್ಲ. ಮನೆಯವರ ಪ್ರೀತಿಯೂ ಹೆಚ್ಚಾಗಿತ್ತು: ಸೋಫಾದ ಮೇಲೆ ಆಕೆಯ ಎಡಗಡೆಯ ಜಾಗಕ್ಕೆ ಮಕ್ಕಳು, ನೆಂಟರು, ಪಕ್ಕದ ಮನೆಯಾಕೆ, ಎಲ್ಲರೂ ನಾ ಮುಂದು ತಾ ಮುಂದು ಎಂದು ನುಗ್ಗುತ್ತಿದ್ದರು. ಅಷ್ಟು ಜನಕ್ಕೆ ಬೇಕಾದವಳು ತಾನು ಎಂದು ಕಿವಿಯಮ್ಮನಿಗೆ ಬಹಳ ಹೆಮ್ಮೆ.

ಇನ್ನು ಇದೇ ಮನೆಯಲ್ಲಿರುವ ಚಿಕ್ಕ ಅಳಿಯ. ಅವನದು ಕನ್ನಡಕದಂಗಡಿ. ಕತ್ತಲೆ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗಾಜು ಬದಲಿಸುತ್ತ, "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ?" ಎಂದು ಕೇಳುವುದು ಅವನ ಕಸುಬು. ಕಣ್ಣು ಗಿರಾಕಿಯದು, ತೀರ್ಪೂ ಗಿರಾಕಿಯದು, ನಡುವೆ ನಾವು ಮೂಗು ತೂರಿಸಬಾರದು ಎನ್ನುವುದು ಅವನ ಧರ್ಮಶಾಸ್ತ್ರ. ಅಳಿಯನಾದ ಹೊಸದರಲ್ಲೇ ಅತ್ತೆಗೂ ತಾನೇ ಪರೀಕ್ಷೆ ಮಾಡಿ ಚಿನ್ನದ ಬಣ್ಣದ ಕಟ್ಟಿನ ಕನ್ನಡಕವೊಂದನ್ನು ಮಾಡಿಕೊಟ್ಟಿದ್ದ. ಕಿವಿಯಮ್ಮ ಅದನ್ನು ದಿನವೂ ಹಣೆಯ ಮೇಲೆ ಏರಿಸಿಕೊಂಡೇ ಇರುತ್ತಿದ್ದಳು. ಸೂಜಿಗೆ ದಾರ ಪೋಣಿಸುವಾಗಲೂ ಅದು ಅಲ್ಲೇ, ಪೇಪರ್ ಓದುವಾಗಲೂ ಅಲ್ಲೇ. (ಒಡವೆಯನ್ನು ಮೂಗಿನ ಮೇಲೆ ಹಾಕಿಕೊಂಡು ಸವೆಸುತ್ತಾರೆಯೇ?)

ಅವನ ಷಡ್ಡಕ, ಅಂದರೆ ಕಿವಿಯಮ್ಮನ ದೊಡ್ಡ ಅಳಿಯ, ಕಟ್ಟಡದ ಕಂಟ್ರಾಕ್ಟರು. ದನಿ, ಹೊಟ್ಟೆ, ಟಿವಿ ಮೂರೂ ದೊಡ್ಡವು. ಚಿಕ್ಕವನನ್ನು 'ಏನಪ್ಪಾ ಕನ್ನಡಕ' ಎಂದೇ ಕರೆಯುವುದು. ಚಿಕ್ಕವನು ಅಂಗಡಿ ತೆಗೆದ ದಿನ ಬಂದು, ಗೋಡೆಗಳನ್ನು ಬೆರಳಿನಿಂದ ತಟ್ಟಿ, ಮಣ್ಣು ಜಾಸ್ತಿ ಸಿಮೆಂಟು ಕಮ್ಮಿ ಎಂದು ಹರಸಿ ಹೋದ ಮಹಾನುಭಾವ. ಆ ಮಾತು ಕಿವಿಯಮ್ಮನ ಎದೆಯಲ್ಲಿ ಇಂದಿಗೂ ಮುಳ್ಳಿನಂತೆ ಇತ್ತು. ಈಗ ರಿಸೀವರ್ ತರಿಸುತ್ತಿದ್ದ ಚಿಕ್ಕವನು ಮುಂದಿನ ಭಾನುವಾರಕ್ಕೆ ಅವನನ್ನೇ ಕರೆದುಬಿಟ್ಟಿದ್ದ. ಒಂದೇ ಒಂದು ಸಲ ಆ ಬಾಯಿಂದ 'ಚೆನ್ನಾಗಿದೆ' ಅನ್ನಿಸಬೇಕು. ಕಿವಿಯಮ್ಮನಿಗೂ ಅದೇ ಆಸೆ.

ಬುಧವಾರ ಬಂದ ನೆಂಟರು ಕಪ್ಪಗೆ, ಚೌಕಾಕಾರವಾಗಿ, ಎರಡು ಕೈಯಲ್ಲಿ ಎತ್ತುವಷ್ಟು ಭಾರವಾಗಿದ್ದರು. ಟಿವಿಯ ಸದ್ದನ್ನು ಸ್ಪೀಕರುಗಳಿಗೆ ಹಂಚುವುದು ಅವರ ಕೆಲಸ; ಹಿಂಭಾಗದಲ್ಲಿ ವೈರು ಚುಚ್ಚಲು ಲೆಕ್ಕವಿಲ್ಲದಷ್ಟು ತೂತು. ಜೊತೆಗೆ ಪರಿವಾರ: ಟಿವಿಯ ಎಡಕ್ಕೊಂದು, ಬಲಕ್ಕೊಂದು, ಕೆಳಗೊಂದು, ಸೋಫಾದ ಹಿಂದೆ ಎರಡು ಸ್ಪೀಕರು, ಮೂಲೆಯಲ್ಲಿ ಗುಡುಗುವುದಕ್ಕೆಂದೇ ಒಂದು ಡಬ್ಬ. ಯಾವ ತೂತಿನ ಚಿತ್ರಕ್ಕೆ ಯಾವ ತೂತಿನ ಸದ್ದು ಎಂದು ಯಂತ್ರಕ್ಕೆ ನಾವೇ ಹೇಳಿಕೊಡಬೇಕಂತೆ. ಅಳಿಯ ಮೊದಲ ದಿನ ಹೇಳಿಕೊಟ್ಟದ್ದರಲ್ಲಿ ಏನೋ ಏರುಪೇರಾಗಿ, ಚಿತ್ರ ಸಿನಿಮಾದ್ದು ಬಂತು, ಸದ್ದು ರೇಡಿಯೋದ್ದು ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸಾಯುವ ಮಂಚದ ಮೇಲೆ ತಾಯಿ ಮಗನ ಕೈ ಹಿಡಿದು, ಆಕಳ ಕೆಚ್ಚಲು ಬಾತುಕೊಂಡರೆ ಬಿಸಿನೀರಿನ ಶಾಖ ಕೊಡಬೇಕೆಂದು ಗಂಡಸಿನ ದನಿಯಲ್ಲಿ ಹೇಳಿ ಪ್ರಾಣ ಬಿಟ್ಟಳು. ಮಗ ಬಿಕ್ಕಿಬಿಕ್ಕಿ ಅಳುತ್ತ ಹವಾಮಾನ ವರದಿ ಓದಿದ. ಚಿಕ್ಕ ಮಗಳು ಅಡುಗೆಮನೆಯಿಂದ ಬಂದು ನೋಡಿ, ನಗು ತಡೆಯಲಾರದೆ ಒಳಗೆ ಹೋದಳು. ಕಿವಿಯಮ್ಮ ಮಾತ್ರ ನಗಲಿಲ್ಲ. ಆಕೆ ತಾಯಿಯ ತುಟಿ ನೋಡಿ ಅರ್ಥ ಮಾಡಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು.

ಅದನ್ನು ಸರಿಪಡಿಸಿದ್ದಾಯಿತು. ಉಳಿದದ್ದು ಸ್ಪೀಕರುಗಳ ಅಳತೆ. ಅದಕ್ಕೆಂದೇ ಪೆಟ್ಟಿಗೆಯಲ್ಲಿ ಗುಂಡಿಯಷ್ಟು ಪುಟ್ಟ ಮೈಕೊಂದು ಬಂದಿತ್ತು. ಕೂರುವ ಜಾಗದಲ್ಲಿ ಅದನ್ನಿಟ್ಟರೆ ಯಂತ್ರ ತಾನೇ ಕೇಳಿಸಿಕೊಂಡು ತಾನೇ ಸರಿಮಾಡಿಕೊಳ್ಳುತ್ತದೆ. ಅಳಿಯ ಅದನ್ನು ಎತ್ತಿ ನೋಡಿ, ಮತ್ತೆ ಪೊಟ್ಟಣಕ್ಕೆ ಹಾಕಿದ.

"ಯಂತ್ರದ ಕಿವಿ ಯಾಕೆ? ಊರಿಗೇ ಹೆಸರಾದ ಕಿವಿ ನಮ್ಮನೇಲಿರುವಾಗ," ಎಂದ. "ಅತ್ತೆ, ಬನ್ನಿ, ಸೋಫಾದ ನಡುವೆ ಕೂತ್ಕೊಳ್ಳಿ."

ಕಿವಿಯಮ್ಮನ ಎದೆ ಒಮ್ಮೆ ಉಬ್ಬಿತು, ಮರುಕ್ಷಣ ಧಸಕ್ಕೆಂದಿತು. ಬೇರೆ ಯಾರಾದರೂ ಆಗಿದ್ದರೆ ಎರಡೂ ಕಿವಿ ತೆರೆದು ಕೇಳಿ ಎನ್ನುತ್ತಿದ್ದರು, ಒಂದು ಕಿವಿಯ ಪುಣ್ಯದಲ್ಲಿ ಇನ್ನೊಂದರ ಮಾನ ಉಳಿಯುತ್ತಿತ್ತು. ಇವನು ಕನ್ನಡಕದವನು. ಒಂದು ಮುಚ್ಚಿಸದೆ ಇನ್ನೊಂದನ್ನು ಪರೀಕ್ಷಿಸಿ ಗೊತ್ತೇ ಇಲ್ಲ.

"ಬಲಗಿವಿ ಮುಚ್ಚಿಕೊಳ್ಳಿ, ಅತ್ತೆ. ಎಡಗಡೆ ಸ್ಪೀಕರಿಂದ ಬುಸ್ಸ್ ಅಂತ ಬರುತ್ತೆ. ಕೇಳಿದ ಕೂಡಲೇ ಬೆರಳೆತ್ತಿ."

ಕಿವಿಯಮ್ಮ ಮುಚ್ಚಿಕೊಂಡಳು. ಲೋಕ ಶಾಂತವಾಯಿತು. ಅಳಿಯ ರಿಮೋಟು ಹಿಡಿದು ಇನ್ನೂ ಶುರುಮಾಡದೆ ಯಾಕೆ ನಿಂತಿದ್ದಾನೆ ಎಂದು ಆಕೆ ಸಹನೆಯಿಂದ ಕಾದಳು. ಅವನ ಹೆಬ್ಬೆರಳು ಒತ್ತುತ್ತಲೇ ಇತ್ತು. ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು. ಬಹಳ ಹೊತ್ತಿನ ಮೇಲೆ ಎಲ್ಲೋ ದೂರದಲ್ಲಿ ಹಾವೊಂದು ನಿಟ್ಟುಸಿರು ಬಿಟ್ಟಂತಾಯಿತು, ಬೆರಳೆತ್ತಿದಳು. ಅಳಿಯನ ಮುಖ ಸ್ವಲ್ಪ ಸೊಟ್ಟಗಾಗಿತ್ತು. ಆದರೆ ಗಿರಾಕಿಯ ತೀರ್ಪು ತೀರ್ಪೇ. ಅಂಕಿ ನೋಡಿಕೊಂಡು ಒತ್ತಿ ಭದ್ರ ಮಾಡಿದ. ಬಲಗಡೆಯ ಸ್ಪೀಕರಿಗೆ ಆಕೆಯ ಬೆರಳು ಅವನು ರಿಮೋಟು ಮುಟ್ಟುವ ಮೊದಲೇ ಎದ್ದಿತು. ಹಾಗಾಗಿ ಅದು ಪಿಸುಮಾತಿಗೆ ಇಳಿಯಿತು.

ಮಗಳು ಬಂದು ಬಾಗಿಲಲ್ಲಿ ನಿಂತು, ಎಡಗಡೆಯದು ಕಿರುಚುತ್ತಿದೆ, ಅಮ್ಮನನ್ನು ಬಿಟ್ಟು ನೀವೇ ಒಮ್ಮೆ ಕೂತು ಕೇಳಬಾರದೇ ಎಂದು ಗಂಡನಿಗೆ ಹೇಳಿದಳು. ಬಾಗಿಲಿಗೊಂದು ಅಳತೆ, ಸೋಫಾಕ್ಕೊಂದು ಅಳತೆ, ನಿನಗೆ ತಿಳಿಯದು ಎಂದು ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಕೊನೆಗೆ ತುಟಿಗೂ ಮಾತಿಗೂ ಹೊಂದಿಸುವ ಸೆಟ್ಟಿಂಗು. ಸದ್ದನ್ನು ಎಷ್ಟು ಬೇಕಾದರೂ ತಡಮಾಡಬಹುದಂತೆ. ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ? ಕಿವಿಯಮ್ಮನಿಗೆ ಮೊದಲು ತುಟಿ ಓದಿಕೊಂಡು, ಆಮೇಲೆ ಮಾತು ಬಂದು ಅದಕ್ಕೆ ರುಜು ಹಾಕಿದರೆ ಅನುಕೂಲ. ಇನ್ನೂ ಸ್ವಲ್ಪ ತಡವಾಗಲಿ, ಇನ್ನೂ ಸ್ವಲ್ಪ, ಎಂದಳು. ಎಲ್ಲ ಮುಗಿದ ಮೇಲೆ ಇಬ್ಬರೂ ಪರಸ್ಪರ ನೋಡಿಕೊಂಡು ಹೆಮ್ಮೆಪಟ್ಟರು. ಇಷ್ಟು ಸಲೀಸಾಗಿ ಟಿವಿಯ ಮಾತು ತನಗೆ ತಿಳಿದು ಎಷ್ಟು ಕಾಲವಾಗಿತ್ತು! ಇವನ ಕೈಗುಣವೇ ಗುಣ ಎಂದು ಕಿವಿಯಮ್ಮ ಆ ವಾರವಿಡೀ ಪಕ್ಕದ ಮನೆಯಾಕೆಗೆ ಹೇಳಿದ್ದೇ ಹೇಳಿದ್ದು.

ಭಾನುವಾರ ದೊಡ್ಡ ಅಳಿಯ ಸಂಸಾರ ಸಮೇತ ಚಿತ್ತೈಸಿದ. ಬಂದವನೇ ಸೋಫಾದಲ್ಲಿ ಅತ್ತೆಯ ಎಡಗಡೆ ಹಿಡಿದ. (ಇವನಿಗೂ ಎಷ್ಟು ಪ್ರೀತಿ ನೋಡು ಎಂದು ಕಿವಿಯಮ್ಮನ ಮುಳ್ಳು ಒಂದಿಷ್ಟು ಮೆತ್ತಗಾಯಿತು.) ದೊಡ್ಡ ಮಗಳು ಬಲಗಡೆಯ ಕುರ್ಚಿಯಲ್ಲಿ. ಚಿಕ್ಕವನು ಪರದೆ ಎಳೆದು, ಕೋಣೆ ಮಬ್ಬು ಮಾಡಿ, ಗುಂಡಿ ಒತ್ತಿದ.

ರಾಜನೊಬ್ಬ ಕುದುರೆಯ ಮೇಲೆ ಬಂದ. ಎಡಗಡೆಯ ಸ್ಪೀಕರಿನಿಂದ ಆ ಕುದುರೆ ನೇರ ಕಂಟ್ರಾಕ್ಟರನ ಹೆಗಲ ಮೇಲೆ ಹತ್ತಿತು. ಅವನ ಕೈಯಲ್ಲಿದ್ದ ಕಾಫಿ ಅಂಗಿಯ ಮೇಲೆ ಚೆಲ್ಲಿತು. ಬಲಗಡೆ ಕೂತ ದೊಡ್ಡ ಮಗಳು ಏನೂ ಕೇಳಿಸದೆ, ಮೂಕಿ ಸಿನಿಮಾನಾ ಎಂದು ತಂಗಿಯನ್ನು ವಿಚಾರಿಸಿದಳು. ರಾಜ ಬಾಯಿ ತೆರೆದು, ಮುಚ್ಚಿ, ಕುದುರೆಯಿಂದ ಇಳಿದು, ನಾಲ್ಕು ಹೆಜ್ಜೆ ನಡೆದ ಮೇಲೆ, "ಯಾರಲ್ಲಿ?" ಎಂದ. ಮದುವೆ ಹಳತಾದ ಗಂಡಂದಿರು ಹೆಂಡತಿಗೆ ಉತ್ತರ ಕೊಡುವ ಹಾಗೆ, ಕೇಳಿದ ವಿಷಯವೇ ಮರೆತುಹೋದ ಮೇಲೆ ಪ್ರತಿ ಮಾತೂ ಬಂತು.

ಕಂಟ್ರಾಕ್ಟರು ಎರಡೂ ಕಿವಿ ಮುಚ್ಚಿಕೊಂಡು ಎದ್ದು ನಿಂತ.

"ಏನಪ್ಪಾ ಕನ್ನಡಕ, ಕಣ್ಣಿಗೆ ಗಾಜು ಕೂರಿಸೋದು ಬಿಟ್ಟು ಕಿವಿಗೆ ಯಾಕೆ ಕೈ ಹಾಕಿದೆ? ಒಂದು ಕಡೆ ಸಂತೆ, ಇನ್ನೊಂದು ಕಡೆ ಸ್ಮಶಾನ. ಅಂಗಡೀಲೂ ಹೀಗೇನಾ ನೀನು ಅಳತೆ ತಗೊಳ್ಳೋದು?"

ಯಂತ್ರದ ಮಾತಾಗಿದ್ದರೆ ಆಗಿತ್ತು, ಮಾತು ಅಂಗಡಿಯವರೆಗೆ ಹೋಯಿತು. ಚಿಕ್ಕವನು ತನ್ನ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಅಳತೆ ತೆಗೆದದ್ದು ಯಾರ ಕಿವಿಯಿಂದ ಎಂದು ಒಂದು ಮಾತು ಹೇಳಿದ್ದರೆ ಅವನ ಮಾನ ಉಳಿಯುತ್ತಿತ್ತು. ಅವನು ಹೇಳಲಿಲ್ಲ. ಅವನ ಶಾಸ್ತ್ರದಲ್ಲಿ ಗಿರಾಕಿಯ ಮೇಲೆ ದೂರು ಹಾಕುವಂತಿಲ್ಲ.

ಕಿವಿಯಮ್ಮನಿಗೆ ಅದೆಲ್ಲ ಬಲಗಿವಿಯಲ್ಲಿ ಸ್ಪಷ್ಟವಾಗಿ ಕೇಳಿತು, ತುಟಿಗಳ ಮೇಲೆ ಕಂಡಿತು ಕೂಡ. ಮಿಂಚು ಮೊದಲು ಗುಡುಗು ಆಮೇಲೆ, ಅದಲ್ಲವೇ ಲೋಕರೂಢಿ ಎಂದು ಒಂದು ವಾದ ಹೂಡಿ ನೋಡಿದಳು. ಯಾರೂ ಕಿವಿಗೊಡಲಿಲ್ಲ. ಒಂದು ಕಡೆ ಬೀದಿ ಕೊಟ್ಟ ಬಿರುದು, ಇನ್ನೊಂದು ಕಡೆ ಮನೆಮಗನಂತಿರುವ ಅಳಿಯನ ಅಂಗಡಿ. ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತಳು. ಗಂಡ ತೀರಿಹೋದ ಮೇಲೆ ಹೀಗೆ ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡಿದವಳೇ ಅಲ್ಲ.

"ಅವರ ಅಳತೆಗೆ ಯಾರೂ ಏನೂ ಅನ್ನಬೇಡಿ. ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ. ಅಳೆದದ್ದು ನನ್ನ ಕಿವೀನ. ನನ್ನ ಎಡಗಿವಿ ಹೋಗಿ ಎರಡು ವರ್ಷ ಆಯ್ತು. ಯಾರಿಗೂ ಗೊತ್ತಾಗದ ಹಾಗೆ ಕಾಪಾಡಿಕೊಂಡು ಬಂದಿದ್ದೆ, ಇವತ್ತು ಹೇಳ್ತಿದ್ದೀನಿ."

ತ್ಯಾಗದ ಈ ಘಳಿಗೆಯಲ್ಲಿ ಯಾರಾದರೂ ಕಣ್ಣೀರು ಹಾಕುತ್ತಾರೆಂದು ಕಿವಿಯಮ್ಮ ನಿರೀಕ್ಷಿಸಿದ್ದಳು. ದೊಡ್ಡ ಮಗಳು ಚಿಕ್ಕ ಮಗಳ ಮುಖ ನೋಡಿದಳು. ಚಿಕ್ಕ ಮಗಳು ನೆಲ ನೋಡಿದಳು.

"ಅಮ್ಮಾ," ಎಂದಳು ಚಿಕ್ಕವಳು, "ಅದು ನಮಗೆಲ್ಲ ಯಾವತ್ತೋ ಗೊತ್ತು. ಹೇಳಿದ್ರೆ ನೀನು ಊಟ ಬಿಡ್ತೀಯ ಅಂತ ಸುಮ್ಮನಿದ್ದೆವು. ಇವರಿಗೂ ಗೊತ್ತಿರುತ್ತೆ ಅಂದುಕೊಂಡಿದ್ದೆ."

"ಗೊತ್ತಾ? ಹೇಗೆ ಗೊತ್ತು?"

"ಮತ್ತೆ, ಎಲ್ಲರೂ ಬಂದು ನಿನ್ನ ಎಡಗಡೇನೇ ಯಾಕೆ ಕೂರ್ತೀವಿ? ನಿನಗೆ ಕೇಳಿಸಬಾರದ ಮಾತೆಲ್ಲ ಅಲ್ಲೇ ತಾನೇ ಆಡೋದು."

ಕಿವಿಯಮ್ಮ ಮೆಲ್ಲಗೆ ಕೂತಳು. ಎರಡು ವರ್ಷದ ಪ್ರೀತಿಯೆಲ್ಲ ಕಣ್ಣ ಮುಂದೆ ಸಾಲಾಗಿ ಎದ್ದು ಬಂದು, ಒಂದೊಂದೇ ಮುಖ ತಿರುಗಿಸಿ ಹೋಯಿತು. ಪಕ್ಕದ ಮನೆಯಾಕೆ ಕೂಡ! ಆಕೆ ದಿನವೂ ಸಂಜೆ ಬಂದು ಎಡಗಡೆ ಕೂತು, ಚಿಕ್ಕ ಮಗಳ ಜೊತೆ ಗುಸುಗುಸು ಮಾಡಿ ನಗುತ್ತಿದ್ದಾಗ, ತನ್ನ ಸಹವಾಸದ ಸುಖಕ್ಕೆ ನಗುತ್ತಾಳೆಂದು ಎಷ್ಟು ಸಲ ಬಿಸ್ಕತ್ತಿನ ಡಬ್ಬ ಮುಂದೆ ತಳ್ಳಿದ್ದಳು! ಎಡಗಡೆಯಲ್ಲಿ ನಿಂತಿದ್ದ ಕಂಟ್ರಾಕ್ಟರು ಏನೂ ತಿಳಿಯದವನಂತೆ ಮೆಲ್ಲಗೆ ಬಲಗಡೆಗೆ ಸರಿದ.

ಆದರೆ ಕೆಲಸ ಕೆಟ್ಟಿರಲಿಲ್ಲ. ಚಿಕ್ಕ ಅಳಿಯ ಮುಖ ಬೆಳಗಿಸಿಕೊಂಡು ಟಿವಿಯ ಮೇಲೆ ಅಂಕಿಗಳನ್ನು ತೆರೆದು, ಎಡಕ್ಕೆ ಇಷ್ಟು, ಬಲಕ್ಕೆ ಇಷ್ಟು ಎಂದು ಷಡ್ಡಕನಿಗೆ ಓದಿ ಹೇಳಿದ. ಎಂಥ ಕಿವಿಗೆ ಎಂಥ ನಂಬರು ಬೇಕೋ ಅದೇ ಬಂದಿದೆ, ನೋಡಿ ಎಂದ. ಆಮೇಲೆ ಪೊಟ್ಟಣದಿಂದ ಆ ಗುಂಡಿಯಂಥ ಮೈಕು ತೆಗೆದು ಸೋಫಾದ ಮೇಲಿಟ್ಟ. ಯಂತ್ರ ತಾನೇ ಬುಸುಗುಟ್ಟಿ ತಾನೇ ಸರಿಮಾಡಿಕೊಂಡಿತು. ಸದ್ದಿನ ತಡವನ್ನು ಅಳಿಯ ಸೊನ್ನೆಗಿಳಿಸಿದ, ರಾಜ ಬಾಯಿ ತೆರೆದಾಗಲೇ ಮಾತಾಡಿದ. ಕುದುರೆ ಎಡದಿಂದ ಬಂದು, ಎಲ್ಲರ ಬೆನ್ನ ಹಿಂದೆ ಸುತ್ತಿ, ಬಲದ ಬಾಗಿಲಿನಿಂದ ಹೊರಗೆ ಹೋದಂತಾಯಿತು. ಕಂಟ್ರಾಕ್ಟರು ಕುತ್ತಿಗೆ ತಿರುಗಿಸಿ ಬಾಗಿಲ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡು, "ಚೆನ್ನಾಗಿದೆ ಕಣಪ್ಪ," ಎಂದ. ಕನ್ನಡಕ ಎನ್ನಲಿಲ್ಲ. ಅದನ್ನು ಕೇಳಿಸಿಕೊಳ್ಳಲು ಕಿವಿಯಮ್ಮನಿಗೆ ಒಂದು ಕಿವಿ ಸಾಕಾಯಿತು. ಹೋದ ಬಿರುದಿಗೆ ಬಡ್ಡಿ ಸಮೇತ ಬೆಲೆ ಬಂತು ಎಂದು ಬೆನ್ನು ನೆಟ್ಟಗೆ ಮಾಡಿಕೊಂಡಳು.

ನೆಂಟರು ಹೊರಟ ಮೇಲೆ ಚಿಕ್ಕ ಅಳಿಯ ಬಂದು, ಹುಡುಕಿಕೊಂಡು, ಆಕೆಯ ಬಲಗಡೆಯೇ ಕೂತ. ಅವನ ಕಣ್ಣು ಆಕೆಯ ಹಣೆಯ ಮೇಲೆ, ಚಿನ್ನದ ಬಣ್ಣದ ಕಟ್ಟಿನ ಮೇಲೆ ನಿಂತಿತ್ತು. ಕಿವಿಯಮ್ಮ ಗಾಬರಿಯಿಂದ ಅದನ್ನು ಮೂಗಿನ ಮೇಲೆ ಎಳೆದುಕೊಂಡಳು. ಪಕ್ಕದಲ್ಲಿದ್ದ ಅಳಿಯ ಒಬ್ಬ ಹೋಗಿ ಇಬ್ಬರಾದ.

"ಅತ್ತೆ," ಎಂದ ಅವನು, ಇಬ್ಬರ ತುಟಿಗಳೂ ಒಟ್ಟಿಗೇ ಅಲ್ಲಾಡಿದವು, "ಅವತ್ತು ಅಂಗಡೀಲಿ ಕೂರಿಸಿ, ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ ಅಂತ ಕೇಳ್ದಾಗ, ಎಲ್ಲಾದಕ್ಕೂ ಚೆನ್ನಾಗಿದೆ ಚೆನ್ನಾಗಿದೆ ಅಂದಿದ್ರಲ್ಲ, ಅದಾದ್ರೂ ನಿಜ ತಾನೇ?"