ಟವೆಲಿನ ಅಡಿಯ ಮಗ್ಗಿ

ಏಕಾಂತಯ್ಯನವರು ಅಂದು ಊರ ಶಾಲೆಯ ಮುಂದೆ ನಿಂತು ಮಾಡಿದ ಪ್ರತಿಜ್ಞೆ ಸಾಮಾನ್ಯದ್ದಲ್ಲ!

"ಇನ್ಮೇಲೆ ನನ್ ಮಗಳು ಈ ಮೆಟ್ಲು ಹತ್ತಲ್ಲ. ನನ್ ಜಗಲೀನೇ ಸ್ಕೂಲು, ನಾನೇ ಮೇಷ್ಟ್ರು, ನಾನೇ ಹೆಡ್ಮಾಸ್ಟ್ರು!"

ಕಾರಣ ಇಷ್ಟೇ. ಒಳಗೆ ಮಕ್ಕಳು ಹದಿನಾರರ ಮಗ್ಗಿಯನ್ನು ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದರು. ಕೊಬ್ಬರಿ ವ್ಯಾಪಾರದಲ್ಲೇ ಕೂದಲು ನರೆಸಿಕೊಂಡ ಏಕಾಂತಯ್ಯನವರಿಗೆ ಇದಕ್ಕಿಂತ ದೊಡ್ಡ ಅನಾಹುತ ಕಾಣಲಿಲ್ಲ. ಅವರ ಮತದಲ್ಲಿ ಲೆಕ್ಕವೆಂಬುದು ಗುಟ್ಟಿನ ಕೆಲಸ. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ತಿಳಿಸಬೇಕು. ಪಕ್ಕದವನಿಗೆ ಇಬ್ಬರ ಹಲ್ಲು ಕಾಣಬಹುದು, ಅಂಕಿ ಕಾಣಬಾರದು. ಅಂಥಾದ್ದರಲ್ಲಿ ಉತ್ತರವನ್ನು ಕೂಗಿ ಹೇಳುವುದೇ! ಶಿವ ಶಿವಾ!

ಅಂದಿನಿಂದ ಏಳನೇ ಕ್ಲಾಸಿನ ನೀಲಮ್ಮನಿಗೆ ಜಗಲಿಯ ಮೇಲೆ ಪಾಠ ಶುರುವಾಯಿತು. ಓದು ಬರಹಕ್ಕೆ ಪುಸ್ತಕವಿತ್ತು. ಲೆಕ್ಕಕ್ಕೆ ಮಾತ್ರ ಅಪ್ಪನ ಹೆಗಲ ಟವೆಲು. ಮೊದಲು ನೂರು, ಆಮೇಲೆ ಹತ್ತು, ಕೊನೆಗೆ ಬಿಡಿ. ಒಂದು ಬೆರಳು ಹಿಡಿದರೆ ಒಂದು, ಇಡೀ ಹಸ್ತ ಹಿಡಿದರೆ ಐದು. ಹುಡುಗಿ ಚುರುಕು. ಅಪ್ಪ ಪ್ರಶ್ನೆ ಮುಗಿಸುವಷ್ಟರಲ್ಲಿ ಟವೆಲಿನಡಿ ಉತ್ತರ ಬಂದುಬಿಡುತ್ತಿತ್ತು.

"ಮಗೀಗೆ ಜೊತೆಗಾತೀರಿಲ್ದೆ ಬ್ಯಾಸರ ಆಗೈತೆ ಕಣ್ರೀ," ಎಂದು ಹೆಂಡತಿ ಗುರುಶಾಂತಮ್ಮ ಒಂದೆರಡು ಸಲ ಹೇಳಿ ನೋಡಿದರು.

"ಸುಮ್ಕಿರೇ! ನನ್ನಂಥ ಮೇಷ್ಟ್ರು ಸಿಕ್ಕವ್ನೆ, ಬ್ಯಾಸರ ಯಾಕಾದಾತು?"

ಆದರೆ ಏಳನೆಯದು ಪಬ್ಲಿಕ್ ಪರೀಕ್ಷೆ. ಶಾಲೆಗೆ ಬಾರದ ಹುಡುಗಿ ಅದಕ್ಕೆ ಕೂರಬೇಕಾದರೆ ಇನ್ಸ್‌ಪೆಕ್ಟರು ಬಂದು, ಮಟ್ಟ ನೋಡಿ, ಸೈ ಎನ್ನಬೇಕಂತೆ. ಅನ್ನದಿದ್ದರೆ ನೀಲಮ್ಮನಿಗೆ ಒಂದು ವರ್ಷ ದಂಡ, ಏಕಾಂತಯ್ಯನವರಿಗೆ ಊರಲ್ಲಿ ತಲೆ ಎತ್ತುವಂತಿಲ್ಲ!

ಇನ್ಸ್‌ಪೆಕ್ಟರ್ ಶಂಭುಲಿಂಗಯ್ಯನವರು ತಿಪಟೂರಿನ ಬಸ್ಸಿಳಿದು ಬಂದೇಬಿಟ್ಟರು. ತಮಾಷೆ ನೋಡಲು ಪಕ್ಕದ ಮನೆಯ ಕೆಂಚಯ್ಯ ಎಲೆಅಡಿಕೆ ಸಮೇತ ಬಂದು ಕಂಬಕ್ಕೆ ಒರಗಿ ಕೂತ. ಏಕಾಂತಯ್ಯನವರು ಕಾಫಿ ಕೊಡಿಸಿ, ಎದೆ ಉಬ್ಬಿಸಿ ಕೇಳಿದರು:

"ನನ್ ಮಗಳು, ನನ್ ಜಗಲಿ. ಮಧ್ಯ ಸರ್ಕಾರ ಯಾಕ್ ಬರ್ಬೇಕು ಸ್ವಾಮಿ?"

"ಕೊಬ್ಬರಿ ಕೊಳ್ಳೋವಾಗ ನೀವು ಮೂಟೆಗೆ ಕೈ ಹಾಕಿ ಒಂದು ಮುರಿದು ನೋಡಲ್ವೇ?"

"ನೋಡ್ದೆ ಬುಡ್ತೀನಾ? ಅದು ಬೇರೇರ ಕೊಬ್ರಿ!"

"ನಾನು ನೋಡೋದೂ ಬೇರೆಯವರ ಮಕ್ಕಳನ್ನೇ," ಎಂದು ಇನ್ಸ್‌ಪೆಕ್ಟರು ಕಾಫಿ ಹೀರಿದರು. ಕೆಂಚಯ್ಯ ಕಿಸಕ್ಕನೆ ನಕ್ಕ. ಏಕಾಂತಯ್ಯನವರು ಅವನನ್ನು ಸುಟ್ಟುಬಿಡುವಂತೆ ನೋಡಿದರು.

ನೀಲಮ್ಮ ಕನ್ನಡ ಪಾಠವನ್ನು ನೀರು ಕುಡಿದಂತೆ ಓದಿದಳು. ಇನ್ಸ್‌ಪೆಕ್ಟರು ತಲೆದೂಗಿ, "ಹದಿನಾರೆಂಟ್ಲಿ ಎಷ್ಟಮ್ಮ?" ಎಂದರು.

ನೀಲಮ್ಮ ಬಾಯಿ ಬಿಡಲಿಲ್ಲ.

"ಗೊತ್ತಿಲ್ವಾ?"

"ಗೊತ್ತೈತೆ ಸಾರ್. ಹೇಳಂಗಿಲ್ಲ."

"ಯಾಕಮ್ಮ?"

"ಕೆಂಚಯ್ಯ ಮಾವ ಕೇಳಿಸ್ಕೊಂಬುಡ್ತಾರೆ."

ಏಕಾಂತಯ್ಯನವರಿಗೆ ಬೆವರು ಕಿತ್ತುಕೊಂಡಿತು. ತಾವೇ ಕಲಿಸಿದ ನಿಯಮ, ತಮ್ಮ ಬುಡಕ್ಕೇ ಬಂತು! "ಹೇಳಮ್ಮ, ಪರವಾಗಿಲ್ಲ ಹೇಳು," ಎಂದು ಅಂಗಲಾಚಿದರು. ಹುಡುಗಿ ಅಪ್ಪನ ಹೆಗಲಿಂದ ಟವೆಲು ಎಳೆದು, ಇನ್ಸ್‌ಪೆಕ್ಟರ ಕೈ ಮೇಲೆ ಹೊದಿಸಿ, ಒಳಗೆ ಕೈ ತೂರಿಸಿಯೇಬಿಟ್ಟಳು.

ಇನ್ಸ್‌ಪೆಕ್ಟರು ಪಟ್ಟಣದವರು, ಈ ವಿದ್ಯೆ ಕಂಡವರಲ್ಲ. ಮೇಲಾಗಿ ಅವರಿಗೆ ವಿಪರೀತ ಕಚಗುಳಿ! ನೂರಕ್ಕೆ ಒಂದು ಬೆರಳು ಹಿಡಿದಾಗ ತುಟಿ ಕಚ್ಚಿಕೊಂಡರು. ಹತ್ತಕ್ಕೆ ಎರಡು ಬೆರಳು ಹಿಡಿದಾಗ ನುಲಿದರು. ಬಿಡಿಗೆ ಇಡೀ ಹಸ್ತ ಹಿಡಿದು, ಮೇಲೆ ಮೂರು ಬೆರಳು ಅಮುಕಿದ್ದೇ ತಡ, "ಹಿಹ್ಹೀ!" ಎಂದು ಮಾರುದ್ದ ಹಾರಿದರು. ಕಾಲು ಮೂಲೆಯ ತೆಂಗಿನಕಾಯಿ ರಾಶಿಗೆ ತಾಗಿತು. ಕಾಯಿಗಳು ಗುಡುಗುಡು ಉರುಳಿ ಜಗಲಿ ಹಾರಿ ಬೀದಿಗೆ ಬಿದ್ದವು. ಅವುಗಳ ಹಿಂದೆಯೇ ಸಾಕ್ಷಾತ್ ಇನ್ಸ್‌ಪೆಕ್ಟರು! ಉಳಿದ ಕಾಫಿಯೆಲ್ಲ ಕೆಂಚಯ್ಯನ ಬೋಳುತಲೆಯ ಮೇಲೆ!

"ಅಯ್ಯೋ, ಓಡ್ಬರ್ರೀ! ಸರ್ಕಾರ ಬಿದ್ದೋಯ್ತು!" ಎಂದು ಗುರುಶಾಂತಮ್ಮ ಕೂಗಿಕೊಂಡರು.

ಮುಗಿಯಿತು ಎಂದುಕೊಂಡರು ಏಕಾಂತಯ್ಯನವರು. ಪಬ್ಲಿಕ್ ಪರೀಕ್ಷೆ ಹೋಯಿತು, ಮಾನವೂ ಹೋಯಿತು. ಆದರೆ ಇನ್ಸ್‌ಪೆಕ್ಟರು ಮಣ್ಣು ಕೊಡವಿಕೊಂಡು ಎದ್ದವರು ಬೆರಳು ಮಡಿಸುತ್ತಾ, ಒಂದು, ಎರಡು, ಐದರ ಮೇಲೆ ಮೂರು ಎಂದು ಗುಣುಗುಣು ಎಣಿಸುತ್ತಿದ್ದರು. ಇದ್ದಕ್ಕಿದ್ದಂತೆ ಮುಖ ಅರಳಿತು.

"ನೂರ ಇಪ್ಪತ್ತೆಂಟು! ಭೇಷ್!"

ಆಮೇಲೆ ಅವರೇ ಕೈ ಮೇಲೆ ಟವೆಲು ಹೊದಿಸಿಕೊಂಡು ಕುಳಿತರು. ಭಾಗಾಕಾರ ಆಯಿತು, ಶೇಕಡಾ ಆಯಿತು. ಒಂದೂ ತಪ್ಪಲಿಲ್ಲ. ನಗು ತಡೆದೂ ತಡೆದೂ ಅವರ ಕಣ್ಣಲ್ಲಿ ನೀರು ಬಂತು. ಕೊನೆಗೆ ಹುಡುಗಿಯ ಕಿವಿಯಲ್ಲಿ ಏನೋ ಕೇಳಿದರು. ಟವೆಲಿನಡಿ ಭಾರೀ ಎಳೆದಾಟ ನಡೆಯಿತು. ಇನ್ಸ್‌ಪೆಕ್ಟರು ತಲೆಯಾಡಿಸಿದರು, ನೀಲಮ್ಮ ಮತ್ತೆ ಹಿಡಿದಳು. ಅವರು ಮತ್ತೆ ಕಿವಿಯಲ್ಲಿ ಏನೋ ಬೇಡಿಕೊಂಡ ಮೇಲೆ ಬಿಟ್ಟಳು.

"ಹುಡುಗಿ ಪಬ್ಲಿಕ್ ಪರೀಕ್ಷೆಗೆ ಕೂರಬಹುದು!"

ಆಹಾ, ಏಕಾಂತಯ್ಯನವರ ಮೀಸೆ ನೋಡಬೇಕಿತ್ತು! ಬೀದಿಗೆಲ್ಲ ಕೊಬ್ಬರಿ ಬೆಲ್ಲ ಹಂಚಿಸಿದರು. ತಲೆ ಒರೆಸಿಕೊಳ್ಳುತ್ತಿದ್ದ ಕೆಂಚಯ್ಯನಿಗೂ ಒಂದು ಹಿಡಿ ಕೊಟ್ಟು, "ನೋಡ್ದೇನ್ಲಾ? ಸರ್ಕಾರನೇ ಒಪ್ಕಂತು, ನನ್ ಜಗಲಿ ಸ್ಕೂಲ್ನ!" ಎಂದರು. ಬಸ್ಸಿಗೆ ಹೊರಟ ಇನ್ಸ್‌ಪೆಕ್ಟರಿಗೆ ತಾವೇ ಕೊಡೆ ಹಿಡಿದರು.

"ಅಂದಂಗೆ ಸ್ವಾಮಿ, ಕೊನೇಗೆ ಅಷ್ಟೊತ್ತು ಎಳೆದಾಡಿದ್ರಲ್ಲ, ಅದ್ಯಾವ ಲೆಕ್ಕ?"

"ಅದಾ? ವಾರಕ್ಕೆ ಎಷ್ಟು ದಿನ ಶಾಲೆಗೆ ಹೋಗಬೇಕು ಅಂತ ಆಸೆಯಮ್ಮ ಅಂತ ಕೇಳಿದೆ."

ಏಕಾಂತಯ್ಯನವರ ಕೈಯಲ್ಲಿ ಕೊಡೆ ಓರೆಯಾಯಿತು. "ಎಷ್ಟು... ಎಷ್ಟು ಹಿಡಿದ್ಲು?"

"ಏಳು ಹಿಡಿದು ಜಪ್ಪಯ್ಯ ಅಂದರೂ ಬಿಡಲಿಲ್ಲ ಸ್ವಾಮಿ. ಭಾನುವಾರ ಮೇಷ್ಟ್ರಿಗೂ ರಜಾ ಬೇಕಮ್ಮ ಅಂತ ಬೇಡಿಕೊಂಡು, ಆರಕ್ಕೆ ಇಳಿಸೋ ಹೊತ್ತಿಗೆ ನನಗೆ ಸಾಕು ಸಾಕಾಯ್ತು!"