ಹದಿನಾರು ಅಡಿ ದೋಣಿಗೆ ಒಂದು ಬೂದುಗುಂಬಳಕಾಯಿ

ಊಹಿಸಿ ನೋಡೋಣ. ಐವತ್ತು ದಾಟಿದ ಗೃಹಸ್ಥನೊಬ್ಬ ಬೆಳಿಗ್ಗೆ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ದೋಣಿ ಮಾರಲು ಹೋಗುತ್ತಾನೆ. ಮಧ್ಯಾಹ್ನ ಸೊಂಟದವರೆಗೆ ಒದ್ದೆಯಾಗಿ, ಒಂದು ಚಪ್ಪಲಿ ಕಳೆದುಕೊಂಡು, ಹಿಂದಿನ ಬಾಗಿಲಿನಿಂದ ನೀರು ಸುರಿಸುವ ಕಾರಿನಲ್ಲಿ ಮುಖದ ತುಂಬ ನಗುತ್ತಾ ಮನೆಗೆ ಬರುತ್ತಾನೆ. ಏನಾಗಿರಬಹುದು? ದೋಣಿ ಮುಳುಗಿತು ಅಂತೀರಾ? ಅಲ್ಲ. ಕೊಳ್ಳಲು ಬಂದವನು ತಳ್ಳಿದನೇ? ಪಾಪ, ಅವನು ಅಂಥವನಲ್ಲ. ಹೆಂಡತಿ ತಳ್ಳಿದಳೇ? ಅವಳಿಗೆ ಆಸೆ ಇತ್ತು, ಅವಕಾಶ ಸಿಗಲಿಲ್ಲ.

ನಿವೃತ್ತನಾದ ಮೇಲೆ ನನಗೆ ಸಮಯವೂ ಬೇಕಾದಷ್ಟು, ಮಾತೂ ಬೇಕಾದಷ್ಟು. ಹಾಗಾಗಿ ಮೊದಲಿನಿಂದಲೇ ಹೇಳುತ್ತೇನೆ. ಮೋಟಾರು ದೋಣಿ ಇಟ್ಟುಕೊಂಡವನು ಇಂಥ ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ವಾರಕ್ಕೊಂದರಂತೆ ಅವೇ ವಿಳಾಸ ಕೇಳಿಕೊಂಡು ಬರುತ್ತವೆ.

೧. ಪೋರ್ಚಿನಲ್ಲಿ ಬಂದರು

ನಾನು ಮಂಗಳೂರಿನವನು. ಕೈಗವಸು ಮಾಡುವ ಒಂದು ಕಂಪನಿಯ ಖರೀದಿ ವಿಭಾಗದಲ್ಲಿದ್ದೆ, ಮನೆ ಮಲೇಶಿಯಾದ ಸುಬಾಂಗ್ ಜಯಾದಲ್ಲಿ. ತೊಂಬತ್ತೇಳರ ಕೊನೆಗೆ ರಿಂಗಿಟ್ ದಿನಾ ಬೆಳಿಗ್ಗೆ ಒಂದೊಂದು ಮೆಟ್ಟಿಲು ಉರುಳುತ್ತಿದ್ದಾಗ ನಮ್ಮ ಆಫೀಸಿನ ವಿದೇಶಿ ಎಂಜಿನಿಯರನೊಬ್ಬ ಗಂಟುಮೂಟೆ ಕಟ್ಟಿದ. ಸೋಫಾ, ಫ್ರಿಜ್ಜು ಎಲ್ಲ ಮಾರಿಯಾದ ಮೇಲೆ ಅವನ ಬಳಿ ಉಳಿದದ್ದು ಒಂದು ಹದಿನಾರು ಅಡಿ ಫೈಬರ್ ದೋಣಿ, ಹಿಂದೆ ಒಂದು ಮೋಟಾರು, ಕೆಳಗೆ ಎರಡು ಚಕ್ರದ ಟ್ರೇಲರು. ಅವನು ಹೇಳಿದ ಬೆಲೆ ಕೇಳಿ ನನ್ನ ಖರೀದಿ ವಿಭಾಗದ ರಕ್ತ ಕುದಿಯಿತು. ಅಷ್ಟು ಅಗ್ಗ! ಮೂವತ್ತು ವರ್ಷ ಬೇರೆಯವರಿಗೋಸ್ಕರ ಚೌಕಾಸಿ ಮಾಡಿದ ನಾನು ಆವತ್ತು ನನಗೋಸ್ಕರ ಚೌಕಾಸಿ ಮಾಡುವುದನ್ನೇ ಮರೆತು ಕೈ ಕುಲುಕಿಬಿಟ್ಟೆ.

ದೋಣಿಯನ್ನು ಮನೆಯ ಕಾರ್ ಪೋರ್ಚಿಗೆ ತಂದಿಟ್ಟೆ. ಸಾಲುಮನೆಯ ಪೋರ್ಚು ನೋಡಿ, ದೋಣಿಯ ಮೂತಿ ಹಾಲಿನ ಕಿಟಕಿಗೆ ತಾಗುತ್ತಿತ್ತು, ಮೋಟಾರು ಗೇಟಿನಿಂದಾಚೆ ರಸ್ತೆ ಮೇಲೆ. ಕಾರು ಬೀದಿಪಾಲಾಯಿತು.

"ಎಂಥದ್ದು ಮಾರಾಯ್ರೆ ಇದು?" ಅಂದಳು ಹೆಂಡತಿ. "ಸೋಫಾದಲ್ಲಿ ಕೂತರೆ ಯಾರೋ ಕಿಟಕಿಯಿಂದ ಮೂಗು ತೂರಿಸಿ ಟೀವಿ ನೋಡಿದ ಹಾಗೆ ಉಂಟು."

ಮೂರು ದಿನ ಮುನಿಸು. ನಾಲ್ಕನೇ ದಿನ ಆಫೀಸಿನಿಂದ ಬಂದು ನೋಡುತ್ತೇನೆ, ದೋಣಿಯ ತುಂಬ ಹಳೇ ಸೀರೆ ಹಾಸಿ ಹಲಸಿನ ಹಪ್ಪಳ ಒಣಗಲು ಹಾಕಿದ್ದಾಳೆ. ಬೆಕ್ಕು ಹತ್ತುವುದಿಲ್ಲ, ಬಿಸಿಲು ಚೆನ್ನಾಗಿ ಬೀಳುತ್ತದೆ, ಗಾಳಿಗೆ ಹಾರುವುದಿಲ್ಲ. ಹಪ್ಪಳ ಒಣಗಿಸುವುದಕ್ಕೆ ಇಡೀ ಸೆಲಾಂಗೋರ್ ರಾಜ್ಯದಲ್ಲಿ ಇಷ್ಟು ದುಬಾರಿ ಸಾಧನ ಇನ್ನೊಂದಿರಲಿಲ್ಲ.

ಮಗಳಿಗೆ ಹದಿನಾಲ್ಕು ವರ್ಷ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ, ಅದೂ ಅಲ್ಲಿನವರ ಹಾಗೆ ಕೊನೆಗೊಂದು ‘ಲಾ’ ಸೇರಿಸಿ, ಉತ್ತರ ಕೊಡುವವಳು. "ಡ್ಯಾಡಿ, ಸೋ ಎಂಬರಾಸಿಂಗ್ ಲಾ," ಎಂದು ಶಾಲೆ ವ್ಯಾನನ್ನು ಎರಡು ಮನೆ ಆಚೆಯೇ ನಿಲ್ಲಿಸತೊಡಗಿದಳು.

ಎದುರು ಮನೆಯಲ್ಲಿ ಮೈಸೂರಿನ ಒಬ್ಬ ಕಂಪ್ಯೂಟರ್ ಎಂಜಿನಿಯರ್ ಇದ್ದರು. ತುಂಬ ಸಭ್ಯರು, ಒಂದು ವಾರ ಏನೂ ಕೇಳಲಿಲ್ಲ. ಎಂಟನೇ ದಿನ ತಡೆಯಲಾರದೆ ಗೇಟಿನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು: "ಸಾರ್, ಪ್ರವಾಹ ಬರೋ ಸುದ್ದಿ ನಿಮಗೊಬ್ಬರಿಗೇ ಗೊತ್ತಾಗಿದ್ಯಾ?"

೨. ಟೇಪು ಹಿಡಿದ ಟೌಕೆ

ಅಕ್ಕಪಕ್ಕದವರ ಗೊಣಗಾಟ ಜಾಸ್ತಿಯಾಗಿ ಕ್ಲಾಂಗ್ ಕಡೆ ನದಿ ಸಮುದ್ರ ಸೇರುವಲ್ಲಿನ ಒಂದು ದೋಣಿ ಅಂಗಳಕ್ಕೆ ಹೋದೆ. ತಗಡಿನ ಮಾಡು, ಇಳಿಜಾರಾದ ಸಿಮೆಂಟಿನ ದಾರಿ, ಒಂದು ಹಳೇ ಟ್ರ್ಯಾಕ್ಟರು. ಯಜಮಾನ ಚೀನೀಯ, ಎಲ್ಲರೂ ಟೌಕೆ, ಅಂದರೆ ಧಣಿ, ಅಂತಲೇ ಕರೆಯುತ್ತಿದ್ದರು. ಬನಿಯನ್ನು, ಚಡ್ಡಿ, ಸೊಂಟದಲ್ಲಿ ಅಳತೆ ಟೇಪು.

"ಎಷ್ಟು ಅಡಿ?" ಅಂದ.

"ಹದಿನಾರು. ಕಾಗದದಲ್ಲೇ ಇದೆ."

"ಕಾಗದ ನನ್ನ ಜಾಗದಲ್ಲಿ ನಿಲ್ಲೋದಿಲ್ಲ ಲಾ, ಅಂಕಲ್. ದೋಣಿ ನಿಲ್ಲುತ್ತೆ."

ಅಡಿಗೆ ತಿಂಗಳಿಗೆ ಹನ್ನೆರಡು ರಿಂಗಿಟ್. ಅವನು ಮುಂದಿನ ಲಂಗರಿನ ಕೊಕ್ಕೆಯ ತುದಿಯಿಂದ ಹಿಂದೆ ಮೋಟಾರಿನ ರೆಕ್ಕೆಯ ತುದಿವರೆಗೆ ಟೇಪು ಎಳೆದ. ಹತ್ತೊಂಬತ್ತು! ಮೋಟಾರನ್ನು ಕೆಳಗಿಳಿಸಿ ಅಳೆಯಿರಿ ಅಂದೆ. ಇಳಿಸಿದರೆ ನೆಲಕ್ಕೆ ತಾಗುತ್ತದೆ ಅಂದ. ಕೊಕ್ಕೆ ಬಿಚ್ಚುತ್ತೇನೆ ಅಂದೆ. ಬಿಚ್ಚಿದ್ದನ್ನು ಎಲ್ಲಿಡುತ್ತೀರಿ, ಅದಕ್ಕೂ ಜಾಗ ಬೇಕಲ್ಲ ಅಂದ. ಕೊನೆಗೆ ನನ್ನ ಒತ್ತಾಯಕ್ಕೆ ಇನ್ನೊಂದು ಸಲ ಅಳೆಯಲು ಒಪ್ಪಿದ. ಒಂದಿಂಚಾದರೂ ಕಡಿಮೆ ಬರಲಿ ದೇವರೇ ಎಂದು ನಾನು ಉಸಿರು ಬಿಗಿಹಿಡಿದು ನಿಂತೆ. ಟೌಕೆ ನನ್ನ ಕಡೆ ನೋಡಿ ಹಲ್ಲು ಬಿಟ್ಟ.

"ಅಂಕಲ್, ಹೊಟ್ಟೆ ಬಿಡಿ. ನಿಮ್ಮನ್ನ ಅಳೀತಾ ಇಲ್ಲ."

೩. ಕೆಸರಿನ ತಪ್ಪೊಪ್ಪಿಗೆ

ಈಗ ಒಂದು ವಿಷಯ ಹೇಳಿಬಿಡಬೇಕು. ತಿಂಗಳಿಗೆ ಇನ್ನೂರಿಪ್ಪತ್ತೆಂಟು ರಿಂಗಿಟ್ ಎಂದು ಹೆಂಡತಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ. ನೂರು ಅಂದಿದ್ದೆ. ನೂರಕ್ಕೇ ಅವಳು ಎದೆ ಮುಟ್ಟಿಕೊಂಡಿದ್ದಳು.

ಮರುವರ್ಷ ಅಕ್ಟೋಬರಿನ ಒಂದು ಭಾನುವಾರ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ, ಹೆಂಡತಿ ಮಗಳನ್ನು ಕರೆದುಕೊಂಡು ಅಂಗಳಕ್ಕೆ ಹೋದೆ. ಅವರಿಬ್ಬರೂ ಪಕ್ಕದ ಮಾಮಾಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ರೊಟ್ಟಿ ಚನಾಯ್ ತಿನ್ನುತ್ತಾ ಕೂರುವುದು, ನಾನು ಒಂದು ಸುತ್ತು ಹೋಗಿ ಮೀನು ಹಿಡಿದು ತರುವುದು ಎಂದು ಏರ್ಪಾಡು. ಹೋದೆ, ಮೀನು ಸಿಗಲಿಲ್ಲ, ವಾಪಸು ಬಂದೆ. ಅಷ್ಟರಲ್ಲಿ ನೀರು ಇಳಿದುಹೋಗಿತ್ತು. ಅಲ್ಲಿ ಭರತ ಇಳಿತ ನೋಡಿಕೊಂಡೇ ದೋಣಿ ಇಳಿಸಬೇಕು, ಹತ್ತಿಸಬೇಕು. ಗಡಿಯಾರ ನೋಡುವ ನನಗೆ ಚಂದ್ರನನ್ನು ನೋಡುವ ಅಭ್ಯಾಸವೆಲ್ಲಿ? ದಡಕ್ಕೆ ಐವತ್ತು ಗಜ ಇರುವಾಗ ದೋಣಿ ಕೆಸರಿನಲ್ಲಿ ಹೂತು ಕೂತುಬಿಟ್ಟಿತು. ಇಳಿದರೆ ನಾನೂ ತೊಡೆವರೆಗೆ ಹೂತುಹೋಗುತ್ತೇನೆ. ನೀರು ಮತ್ತೆ ಬರಬೇಕಾದರೆ ನಾಲ್ಕು ತಾಸು.

ಹೆಂಡತಿ ಟೀ ಲೋಟ ಹಿಡಿದುಕೊಂಡು ದಡಕ್ಕೆ ಬಂದಳು, ಜೊತೆಗೆ ಟೌಕೆ. ಐದು ನಿಮಿಷ ನನ್ನನ್ನು ನೋಡಿದಳು. ಗಂಡ ಓಡಿಹೋಗಲು ಸಾಧ್ಯವೇ ಇಲ್ಲದ ಇಂಥ ಅವಕಾಶ ಇಪ್ಪತ್ತು ವರ್ಷದ ಸಂಸಾರದಲ್ಲಿ ಸಿಕ್ಕಿದ್ದು ಇದೇ ಮೊದಲು ಎಂದು ಅವಳಿಗೆ ಹೊಳೆದಿರಬೇಕು.

"ನಿಜ ಹೇಳಿ!" ಎಂದು ಕೂಗಿದಳು. "ತಿಂಗಳಿಗೆ ಎಷ್ಟು ಕೊಡುವುದು ಇದಕ್ಕೆ?"

"ನೂರು!" ಎಂದು ಕೂಗಿದೆ.

ಅವಳು ಪಕ್ಕಕ್ಕೆ ತಿರುಗಿ ಟೌಕೆಗೆ ಇಂಗ್ಲಿಷಿನಲ್ಲಿ ಹೇಳಿದಳು. ಟೌಕೆ ತಲೆ ಅಲ್ಲಾಡಿಸಿದ.

"ಇನ್ನೊಂದು ಸಲ ಹೇಳಿ!"

"ನೂರೈವತ್ತು!"

ಅವಳು ತಿರುಗಿದಳು, ಅವನು ಮತ್ತೆ ಅಲ್ಲಾಡಿಸಿದ. ಅಷ್ಟರಲ್ಲಿ ಗಾಳ ಹಾಕಿ ಕೂತಿದ್ದವರೆಲ್ಲ ಗಾಳ ಬಿಟ್ಟು ಇತ್ತ ತಿರುಗಿದ್ದರು. ಮಾಮಾಕ್ ಅಂಗಡಿಯವನೂ ಟೀ ಎತ್ತಿ ಹೊಯ್ಯುವುದನ್ನು ನಿಲ್ಲಿಸಿದ.

"ಇನ್ನೂರಿಪ್ಪತ್ತೆಂಟು!"

ಈ ಸಲ ಟೌಕೆ ಸಂತೋಷದಿಂದ ತಲೆದೂಗಿ, ಅವಳಿಗೆ ಬೆರಳು ಮಡಚಿ ಮಡಚಿ ಏನೋ ವಿವರಿಸತೊಡಗಿದ. ಅವಳು ಪ್ರತಿಯೊಂದನ್ನೂ ನನಗೆ ಕೇಳುವ ಹಾಗೆ ಕೂಗಿದಳು: "ಅದು ಇಡಲಿಕ್ಕೆ ಮಾತ್ರ ಅಂತೆ! ಟ್ರ್ಯಾಕ್ಟರಲ್ಲಿ ಇಳಿಸಲಿಕ್ಕೆ ಇಪ್ಪತ್ತೈದು ಬೇರೆ ಅಂತೆ! ಹತ್ತಿಸಲಿಕ್ಕೆ ಇಪ್ಪತ್ತೈದು ಬೇರೆ ಅಂತೆ! ಉಪ್ಪುನೀರು ತೊಳೆಯಲಿಕ್ಕೆ ಹತ್ತು ಅಂತೆ! ಬಂಗುಡೆ ಕಿಲೋಗೆ ಎಷ್ಟು ಅಂತ ನಿಮಗೆ ಗೊತ್ತುಂಟಾ?"

ಗೊತ್ತಿಲ್ಲ ಅಂದೆ.

"ನಿಮ್ಮ ಈ ದುಡ್ಡಿಗೆ ಮೀನಿನವಳೇ ಮನೆಗೆ ಬಂದು, ಹುರಿದು, ಮುಳ್ಳು ಬಿಡಿಸಿ ಬಾಯಿಗೆ ಇಡ್ತಿದ್ದಳು!"

೪. ನೋಡಲು ಬಂದವರು

ಆ ಸಂಜೆಯೇ ತೀರ್ಪಾಯಿತು. ಜನವರಿಯಲ್ಲಿ ಮಂಗಳೂರಿನಲ್ಲಿ ಅವಳ ಒಬ್ಬನೇ ತಮ್ಮನ ಮದುವೆ. ತಾಯಿ ಇಲ್ಲದ ಆ ಹುಡುಗನಿಗೆ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚಬೇಕಾದವಳು ಇವಳು. ಮೂವರ ವಿಮಾನದ ಟಿಕೆಟ್ಟಿನ ದುಡ್ಡು ದೋಣಿಯ ಹೊಟ್ಟೆ ಸೇರಿತ್ತು. ದೋಣಿ ಮಾರಬೇಕು, ಟಿಕೆಟ್ ಕೊಳ್ಳಬೇಕು. "ಮಾರಾಟವಾಗದಿದ್ದರೆ," ಅಂದಳು ಶಾಂತವಾಗಿ, "ನಿಮ್ಮ ದೋಣಿಯಲ್ಲೇ ಕೂತು ಮಂಗಳೂರಿಗೆ ಹೋಗುವ. ನೀವು ನಡೆಸಿ." ಅವಳು ಕೂಗಾಡಿದರೆ ನನಗೆ ಹೆದರಿಕೆ ಇಲ್ಲ, ಶಾಂತವಾದರೆ ಇದೆ.

ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೆ. ಜನ ಬಂದರು. ಬಂದವರೆಲ್ಲ ಕೇಳಿದ್ದು ಒಂದೇ, ನೀರಿಗಿಳಿಸಿ ತೋರಿಸಿ. ಇಳಿಸುವುದು ಹತ್ತಿಸುವುದು ತೊಳೆಯುವುದು ನನ್ನ ಲೆಕ್ಕಕ್ಕೆ. ಒಬ್ಬ ಮೊದಲ ವಾರ ಹೆಂಡತಿ ಜೊತೆ ಬಂದು ಒಂದು ಸುತ್ತು ಹೋಗಿ, ಯೋಚಿಸಿ ಹೇಳುತ್ತೇನೆ ಅಂದ. ಎರಡನೇ ವಾರ ಅವನ ಮಕ್ಕಳು, ಕ್ಯಾಮರಾ ಮತ್ತು ನಾಸಿ ಲೆಮಾಕ್ ಅನ್ನದ ಪೊಟ್ಟಣಗಳೂ ಬಂದವು. ಮೂರನೇ ವಾರ ವ್ಯಾನಿನಿಂದ ಒಬ್ಬ ಅಜ್ಜಿಯನ್ನು ಎತ್ತಿ ಇಳಿಸಿದರು.

"ಇವರು ಯಾಕೆ?" ಅಂದೆ.

"ಮನೆಗೆ ಹಿರಿಯರು," ಅಂದ. "ಅವರಿಗೂ ಇಷ್ಟ ಆಗಬೇಕಲ್ಲ ಲಾ."

ಅಜ್ಜಿಗೆ ಬಹಳ ಇಷ್ಟವಾಯಿತು. ಸಮುದ್ರ.

೫. ಬೂದುಗುಂಬಳಕಾಯಿ

ಡಿಸೆಂಬರ್ ಬಂತು. ಟ್ರಾವೆಲ್ ಏಜೆಂಟ್ ಮೂರು ಸೀಟು ಹಿಡಿದಿಟ್ಟಿದ್ದ. ಕ್ರಿಸ್‌ಮಸ್ ಕಳೆದ ಸೋಮವಾರದೊಳಗೆ ದುಡ್ಡು ಕಟ್ಟದಿದ್ದರೆ ಹೋಯಿತು. ಹೆಂಡತಿ ಹಬ್ಬದ ಕುಸ್ವಾರ್ ತಿಂಡಿ ಕರಿಯುತ್ತಲೇ ಕ್ಯಾಲೆಂಡರ್ ನೋಡುತ್ತಿದ್ದಳು. ಕೊನೆಗೆ ಕ್ಲಾಂಗಿನ ಒಬ್ಬ ತಮಿಳು ಲಾರಿ ಮಾಲೀಕರು ಫೋನ್ ಮಾಡಿದರು, ಹಬ್ಬದ ಮಾರನೇ ದಿನ ನೋಡಲು ಬರುತ್ತೇನೆ ಅಂತ.

ಸುದ್ದಿ ತಿಳಿದು ಎದುರು ಮನೆಯ ಮೈಸೂರಿನವರು ಬಂದರು. "ಸಾರ್, ಈ ದೋಣಿಗೆ ದೃಷ್ಟಿ ಆಗಿದೆ. ಒಂದು ಬೂದುಗುಂಬಳಕಾಯಿ ಒಡೀಬೇಕು."

"ಕೊಂಡಾಗಲೇ ಪಾದ್ರಿಗಳು ಬಂದು ಆಶೀರ್ವಾದ ಮಾಡಿದ್ದಾರಲ್ಲ."

"ಅದು ಕೊಳ್ಳೋದಕ್ಕೆ ಆಯ್ತು ಸಾರ್. ಮಾರೋದಕ್ಕೆ?"

ಆ ಸ್ಥಿತಿಯಲ್ಲಿ ನಾನು ಯಾರು ಏನು ಒಡೆದರೂ ಬೇಡ ಅನ್ನುತ್ತಿರಲಿಲ್ಲ. ಅವರು ಬ್ರಿಕ್‌ಫೀಲ್ಡ್ಸಿನ ತರಕಾರಿ ಅಂಗಡಿಯಿಂದ ಎಂಟು ಕಿಲೋದ ಕಾಯಿ ತಂದು, ಮೇಲೆ ರಂಧ್ರ ಕೊರೆದು ಕುಂಕುಮ ತುಂಬಿಸಿ, ನಮ್ಮ ಮೂವರ ಜೊತೆಯೇ ಹೊರಟರು.

ಲಾರಿ ಮಾಲೀಕರು ದಪ್ಪ ಮೀಸೆಯ, ಕಡಿಮೆ ಮಾತಿನ ಆಸಾಮಿ. ದೋಣಿಯನ್ನು ಗುದ್ದಿ ನೋಡಿದರು, ಬಗ್ಗಿ ನೋಡಿದರು, ಹೂಂ ಅಂದರು. "ನಾವು ಆರು ಜನ ಗೆಳೆಯರು. ಎಲ್ಲರೂ ನನ್ನ ಹಾಗೆ," ಎಂದು ತಮ್ಮ ಹೊಟ್ಟೆ ತೋರಿಸಿದರು. "ತಡ್ಕೊಳ್ಳುತ್ತಾ?" ತಡ್ಕೊಳ್ಳುತ್ತೆ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ.

ಟೌಕೆ ಟ್ರ್ಯಾಕ್ಟರಿನ ಕಡೆ ಹೊರಟ. ನನಗೆ ಇಪ್ಪತ್ತೈದು ರಿಂಗಿಟ್ ನೆನಪಾಯಿತು. "ಬೇಡ," ಅಂದೆ. "ಇವತ್ತು ನನ್ನ ಕಾರಿನಲ್ಲೇ ಇಳಿಸುತ್ತೇನೆ." ಟ್ರೇಲರನ್ನು ಕಾರಿನ ಹಿಂದಕ್ಕೆ ಕಟ್ಟಿ ಇಳಿಜಾರಿನ ತಲೆಯಲ್ಲಿ ನಿಲ್ಲಿಸಿದೆ. ಮೈಸೂರಿನವರು ಕರ್ಪೂರ ಹಚ್ಚಿದ ಕಾಯನ್ನು ದೋಣಿಗೂ ಕಾರಿಗೂ ಸೇರಿಸಿ ಮೂರು ಸುತ್ತು ಸುತ್ತಿಸಿದರು. ಆಮೇಲೆ ಎಲ್ಲಿ ಒಡೆಯುವುದು ಎಂಬ ಪ್ರಶ್ನೆ ಬಂತು.

"ವಾಹನದ ಮುಂದೆ ಒಡೀಬೇಕು," ಅಂದರು ತಮಗೆ ತಾವೇ. "ಕಾರಿನ ಮುಖ ಮೇಲಕ್ಕಿದೆ. ಆದರೆ ದೋಣಿ ಹೋಗೋದು ಕೆಳಕ್ಕೆ. ದೃಷ್ಟಿ ಆಗಿರೋದು ದೋಣಿಗೆ. ಅಲ್ಲೇ ಒಡೀಬೇಕು." ಎಂದು ಕೆಳಗೆ, ಪಾಚಿಗಟ್ಟಿದ ಸಿಮೆಂಟಿನ ಮೇಲೆ, ನೀರಿಗೆ ಮೂರು ಮಾರು ಮೇಲೆ, ಎಂಟು ಕಿಲೋ ಕಾಯನ್ನು ಎತ್ತಿ ಕುಕ್ಕಿದರು. ತಿರುಳು, ಬೀಜ, ಕುಂಕುಮದ ನೀರು ದಾರಿಯ ಅಗಲಕ್ಕೂ ಹರಡಿತು.

ನಾನು ಹಿಂದಕ್ಕೆ ಬಿಟ್ಟುಕೊಂಡು ಬಂದೆ. ನೀರಿನಂಚಿನಲ್ಲಿ ನಿಲ್ಲಿಸಿ, ದೋಣಿಯನ್ನು ಟ್ರೇಲರಿಗೆ ಬಿಗಿದ ಪಟ್ಟಿ ಬಿಚ್ಚುವುದು ಕ್ರಮ. ಟ್ರೇಲರು ನೀರು ಮುಟ್ಟಿತು, ಬ್ರೇಕ್ ಒತ್ತಿದೆ. ಚಕ್ರ ನಿಂತಿತು. ಕಾರು ನಿಲ್ಲಲಿಲ್ಲ.

"ಡ್ಯಾಡಿ! ಬ್ರೇಕ್!" ಎಂದು ದಡದಲ್ಲಿ ನಿಂತಿದ್ದ ಮಗಳು ಕಿರುಚಿದಳು.

"ಬ್ರೇಕಿನ ಮೇಲೇ ನಿಂತಿದ್ದೇನೆ!"

ಯಾವ ಅವಸರವೂ ಇಲ್ಲದೆ, ತುಂಬ ಮರ್ಯಾದೆಯಿಂದ, ಕುಂಬಳದ ತಿರುಳಿನ ಮೇಲೆ ಕಾರು ಜಾರುತ್ತಾ ಜಾರುತ್ತಾ ಸಮುದ್ರದ ಕಡೆ ಹೊರಟಿತು. ಟ್ರೇಲರು ಹೋಯಿತು, ಡಿಕ್ಕಿ ಹೋಯಿತು, ಹಿಂದಿನ ಸೀಟಿಗೆ ನೀರು ಬಂತು. ಮುಗಿಯಿತು, ಟಿಕೆಟ್ಟೂ ಇಲ್ಲ, ಕಾರೂ ಇಲ್ಲ, ಇನ್ನು ಮನೆಯಲ್ಲಿ ಜಾಗವೂ ಇಲ್ಲ ಅಂದುಕೊಳ್ಳುವಾಗ ಕಾರು ಮೃದುವಾಗಿ ಒಮ್ಮೆ ಕುಲುಕಿ ನಿಂತುಬಿಟ್ಟಿತು. ಬಾಗಿಲು ತಳ್ಳಿ ಇಳಿದು ಡಿಕ್ಕಿಯ ಕಡೆ ಎರಡು ಹೆಜ್ಜೆ ಇಟ್ಟರೆ ಸೊಂಟದವರೆಗೆ ನೀರು, ಒಂದು ಚಪ್ಪಲಿ ಕೆಸರಿನ ಪಾಲು. ತಲೆ ಎತ್ತಿ ನೋಡಿದೆ. ಪಟ್ಟಿ ಬಿಚ್ಚದ ದೋಣಿ ತೇಲುತ್ತಿದೆ. ದೋಣಿಗೆ ಬಿಗಿದ ಟ್ರೇಲರನ್ನೂ, ಟ್ರೇಲರಿಗೆ ಕಟ್ಟಿದ ನನ್ನ ಕಾರಿನ ಹಿಂಭಾಗವನ್ನೂ ಎತ್ತಿ ಹಿಡಿದುಕೊಂಡು, ಏನೂ ಆಗದ ಹಾಗೆ ತೇಲುತ್ತಿದೆ!

ದಡದಲ್ಲಿ ಮೊದಲು ಬಾಯಿ ಬಿಟ್ಟವರು ಲಾರಿ ಮಾಲೀಕರು.

"ಕಾರನ್ನೇ ಹಿಡ್ಕೊಂಡಿದೆ!" ಅಂದರು, ಮೀಸೆ ಅರಳಿಸಿ. "ಆರು ಜನ ಯಾವ ಲೆಕ್ಕ? ದೋಣಿ ನನಗೆ!"

ಒಂದು ರಿಂಗಿಟ್ಟೂ ಚೌಕಾಸಿ ಮಾಡಲಿಲ್ಲ. ಪ್ಯಾಂಟಿನ ಜೇಬಿನಿಂದ ಕಟ್ಟು ತೆಗೆದರು.

ನಾನು ನೀರಿನಿಂದ ಕೂಗಿದೆ: "ಟೌಕೆ, ಟ್ರ್ಯಾಕ್ಟರ್! ಬೇಗ! ಕಾರು ಎಳೀರಿ!"

ಹೆಂಡತಿ ಕೈ ಅಡ್ಡ ಹಿಡಿದು ಟೌಕೆಯನ್ನು ತಡೆದಳು. "ಒಂದು ನಿಮಿಷ. ನಾನು ಮೊದಲು ಎಣಿಸಿಕೊಳ್ಳುತ್ತೇನೆ." ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು. ಎರಡು ತಿಂಗಳಲ್ಲಿ ಮೊದಲ ಸಲ ನನ್ನ ಕಡೆ ನೋಡಿ ನಕ್ಕಳು. "ಹಾಂ, ಈಗ ಎಳೀರಿ. ಮೇಲೆ ಬನ್ನಿ ಮಾರಾಯ್ರೆ, ಶೀತ ಆದೀತು."

ಇಂಜಿನ್ನು ಮುಂಭಾಗದಲ್ಲಿತ್ತು, ಒಣಗಿಯೇ ಇತ್ತು. ಕೀಲಿ ತಿರುಗಿಸಿದೆ, ಹೊರಟಿತು. ಆ ಸದ್ದು ಕೇಳಿ ನನಗೆ ಆದ ಸಮಾಧಾನವನ್ನು ಏನೆಂದು ಹೇಳಲಿ! ದಾರಿಯುದ್ದಕ್ಕೂ ಹಿಂದಿನಿಂದ ನೀರು ಸುರಿಯುತ್ತಿತ್ತು, ಮಗಳು ನಗುತ್ತಿದ್ದಳು, ಹೆಂಡತಿ ತಮ್ಮನ ಮದುವೆಗೆ ಯಾವ ಸೀರೆ ಎಂದು ಗಟ್ಟಿಯಾಗಿ ಯೋಚಿಸುತ್ತಿದ್ದಳು. ಒದ್ದೆ ಸೀಟಿನಲ್ಲಿ ಮಡಿಯುಟ್ಟವರ ಹಾಗೆ ನೆಟ್ಟಗೆ ಕೂತಿದ್ದ ಮೈಸೂರಿನವರು ಶಾ ಆಲಂ ದಾಟಿದ ಮೇಲೆ ಮುಂದಕ್ಕೆ ಬಗ್ಗಿ ಹೇಳಿದರು:

"ನೋಡಿದ್ರಾ ಸಾರ್? ಕಾಯಿ ಹೇಗೆ ಕೆಲಸ ಮಾಡ್ತು!"

ಅದು ಸಾವಿರದ ಒಂಬೈನೂರ ತೊಂಬತ್ತೆಂಟನೇ ಇಸವಿ, ಡಿಸೆಂಬರ್ ಇಪ್ಪತ್ತಾರು, ಶನಿವಾರ.