ಲೇಟಾದವರಿಗೆ ಕೊನೇ ಬೆಂಚು

ನನ್ನ ಬಾಯಿಗೂ ಬುದ್ಧಿಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಬುದ್ಧಿ ಇನ್ನೂ ಚಪ್ಪಲಿ ಹುಡುಕುತ್ತಿರುವಾಗ ಬಾಯಿ ಆಗಲೇ ಬೀದಿಯಲ್ಲಿರುತ್ತದೆ. ಮದುವೆಯಾದ ಹೊಸದರಲ್ಲಿ ಅತ್ತೆಯವರ ಸಾರು ಕುಡಿದು “ನೀರು ಜಾಸ್ತಿ ಆಯ್ತೇನೋ” ಎಂದವಳು ನಾನು. ಪಾಪ, ಅವರು ಅದನ್ನು ಹೊಟ್ಟೆಗೆ ಹಾಕಿಕೊಂಡರು. ಆದರೆ ಕಳೆದ ಫೆಬ್ರವರಿಯಲ್ಲಿ ಇದೇ ಬಾಯಿ ನನ್ನ ಕೆಲಸಕ್ಕೇ ಕುತ್ತು ತರುವುದರಲ್ಲಿತ್ತು.

ಅಮೆರಿಕದ ಬೇ ಏರಿಯಾದಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಮೊದಲ ಪ್ರಶ್ನೆ “ಯಾವ ಕಂಪನಿ?” ನಾನು ಹೈಸ್ಕೂಲಿನಲ್ಲಿ ಹಿಸ್ಟರಿ ಹೇಳಿಕೊಡುತ್ತೇನೆ ಎಂದರೆ “ಓ, ಸ್ಕೂಲ್ ಸಾಫ್ಟ್‌ವೇರಾ?” ಎನ್ನುತ್ತಾರೆ. ಅಲ್ಲ ಸ್ವಾಮಿ, ಸಾಫ್ಟ್‌ವೇರಿಲ್ಲ. ವಾಲ್ನಟ್ ಕ್ರೀಕಿನ ಹತ್ತಿರ ಒಂದು ಶಾಲೆ, ಒಂದು ಬೋರ್ಡು, ಮೂವತ್ತು ಮಕ್ಕಳು. ಅದೂ ಒಂದು ವರ್ಷದ ಮಟ್ಟಿಗೆ. ಪ್ರಿನ್ಸಿಪಾಲರು ಒಂದು ದಿನ ಬಂದು ಕೂತು, ಪಾಠ ನೋಡಿ ಹೂಂ ಎಂದರೆ ಮಾತ್ರ ಕಾಯಂ. ಆ ದಿನಕ್ಕೆಂದು ನಾನು ಆರಿಸಿಕೊಂಡಿದ್ದು ಕಪ್ಪು ಜನರ ಹಕ್ಕಿನ ಹೋರಾಟ, ಅದರಲ್ಲೂ ಬಸ್ಸಿನ ಪಾಠ: ಕಪ್ಪು ಬಣ್ಣದವರು ಹಿಂದಿನ ಸೀಟಿಗೆ ಹೋಗಬೇಕೆಂಬ ನಿಯಮ, ಏಳುವುದಿಲ್ಲ ಎಂದು ಕೂತೇ ಇದ್ದ ಹೆಂಗಸು, ಬಸ್ಸು ಹತ್ತುವುದನ್ನೇ ಬಿಟ್ಟು ತಿಂಗಳುಗಟ್ಟಲೆ ನಡೆದ ಊರು. ಒಂದು ವಾರ ಗಂಡ ಶ್ರೀಧರನನ್ನು ಸೋಫಾದ ಮೇಲೆ ಕೂರಿಸಿ ಪ್ರಾಕ್ಟೀಸ್ ಮಾಡಿದೆ. ಹೋರಾಟ ಶುರುವಾಗುವ ಹೊತ್ತಿಗೆ ಅವನಿಗೆ ನಿದ್ದೆ.

ಆ ದಿನ ಬೆಳಿಗ್ಗೆ ಬೇಗ ಹೋಗಿ, ಕುರ್ಚಿಗಳನ್ನೆಲ್ಲ ಎಳೆದಾಡಿ ಬಸ್ಸಿನ ಹಾಗೆ ಜೋಡಿಸಿದೆ. ನಡುವೆ ದಾರಿ, ಎರಡೂ ಕಡೆ ಸೀಟು. ಮಕ್ಕಳು ಬಂದರು. ಪ್ರಿನ್ಸಿಪಾಲರು ಬಂದು ಕಿಟಕಿಯ ಪಕ್ಕ ನೋಟ್‌ಬುಕ್ ಬಿಚ್ಚಿದರು. ನಾನು ಗಂಟಲು ಸರಿಮಾಡಿಕೊಂಡು “ಈ ಬಸ್ಸಿನಲ್ಲಿ...” ಎಂದು ಶುರುಮಾಡುವಷ್ಟರಲ್ಲಿ ಬಾಗಿಲು ತೆರೆಯಿತು. ನಯೋಮಿ. ಕ್ಲಾಸಿನಲ್ಲಿರುವ ಒಬ್ಬಳೇ ಕಪ್ಪು ಹುಡುಗಿ, ಜಾಣೆ, ಐದು ನಿಮಿಷ ಲೇಟು. ಮುಂದಿನ ಖಾಲಿ ಕುರ್ಚಿಯಲ್ಲಿ ಕೂತಳು.

“ಲೇಟು! ಎದ್ದು ಕೊನೇ ಬೆಂಚಿಗೆ ಹೋಗು,” ಎಂದಿತು ನನ್ನ ಬಾಯಿ.

ಹಾಸನದಲ್ಲಿ ನಾನು ಓದಿದ ಶಾಲೆಯ ಕಾನೂನು ಅದು. ಲೇಟಾದವರಿಗೆ ಕೊನೇ ಬೆಂಚು. ಈ ದೇಶದ ಕ್ಲಾಸಿನಲ್ಲಿ ಬೆಂಚೇ ಇಲ್ಲ, ಆದರೂ ಆರು ತಿಂಗಳಿಂದ ತಡವಾಗಿ ಬಂದವರನ್ನೆಲ್ಲ ಹಿಂದಕ್ಕೆ ಅಟ್ಟುತ್ತಲೇ ಇದ್ದೆ. ಆದರೆ ಇವತ್ತು, ಈ ಬಸ್ಸಿನಲ್ಲಿ, ಈ ಹುಡುಗಿಯನ್ನು! ಪ್ರಿನ್ಸಿಪಾಲರ ಪೆನ್ನು ನಿಂತಿತು. ಅಯ್ಯೋ ದೇವರೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೆಲಸ ಹೋದರೆ ಹೋಗಲಿ, ಆ ಮಗು ಏನಂದುಕೊಂಡಿತೋ!

ಇದೊಂದು ನಾಟಕ, ಮೊದಲೇ ಯೋಚಿಸಿದ್ದು ಎಂದು ಹೇಳಿಬಿಡಬಹುದಿತ್ತು. ಬಾಯಿಗೆ ಆ ಜಾಣತನವೂ ಇಲ್ಲ. “ನಯೋಮಿ, ತಪ್ಪಾಯ್ತು. ಇದು ಪಾಠ ಅಲ್ಲ, ನನ್ನ ಹಳೇ ಚಾಳಿ,” ಎಂದು ಕೊನೇ ಬೆಂಚಿನ ಕತೆಯನ್ನೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಇನ್ನೊಂದು ನೆನಪಾಯಿತು. ನಮ್ಮ ಕ್ಲಾಸಿನಲ್ಲಿ ಇಬ್ಬರು ಹುಡುಗಿಯರು ಟೈಮಿಗೆ ಸರಿಯಾಗಿ ಬಂದರೂ ಕೊನೇ ಬೆಂಚಿಗೇ ಹೋಗುತ್ತಿದ್ದರು. ಯಾವ ಜಾತಿಯವರೆಂದು ಎಲ್ಲರಿಗೂ ಗೊತ್ತಿತ್ತು, ಯಾಕೆ ಅಲ್ಲಿ ಕೂರುತ್ತೀರೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದನ್ನೂ ಹೇಳಿಬಿಟ್ಟೆ.

ನಯೋಮಿ ನನ್ನನ್ನೇ ನೋಡಿದಳು. “ಗೊತ್ತು ಮಿಸ್, ಲೇಟಾದವರನ್ನೆಲ್ಲ ನೀವು ಅಲ್ಲಿಗೇ ಕಳಿಸ್ತೀರಿ. ನಾನೂ ಎಷ್ಟೋ ಸಲ ಹೋಗಿದೀನಿ,” ಎಂದಳು. ಆಮೇಲೆ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು, “ಆದ್ರೆ ಇವತ್ತು ಏಳಲ್ಲ,” ಎಂದಳು.

ಕ್ಲಾಸೇ ಹೋ ಎಂದಿತು. ಆಮೇಲೆ ನಾನು ಪಾಠ ಮಾಡಲೇ ಇಲ್ಲ, ಅವರೇ ಮಾಡಿದರು. ನಿಯಮ ಮಾಡಿದವರು ಯಾರು, ಸುಮ್ಮನಿದ್ದವರ ಪಾಲೆಷ್ಟು, ನಮ್ಮ ಅಜ್ಜಿಗೆ ಹೀಗಾಗಿತ್ತು ಎಂದು ಗಂಟೆ ಹೊಡೆದರೂ ಏಳದೆ ಜಗಳವಾಡಿದರು. ಕೊನೆಗೆ ಪ್ರಿನ್ಸಿಪಾಲರು ಹತ್ತಿರ ಬಂದು, “ನೀವು ಕೊಟ್ಟ ಪ್ಲಾನಿನಲ್ಲಿ ಇದ್ಯಾವುದೂ ಇರಲಿಲ್ಲ,” ಎಂದರು. ನನ್ನ ಜೀವ ಬಾಯಿಗೆ ಬಂತು. “ಮುಂದಿನ ವರ್ಷಾನೂ ಇಲ್ಲೇ ಇರಿ. ಆ ಬೆಂಚಿನ ಕಾನೂನು ಮಾತ್ರ ಇವತ್ತಿಗೇ ಸಾಕು,” ಎಂದು ನಕ್ಕರು. ಕಾರಿನಲ್ಲಿ ಕೂತು ಹತ್ತು ನಿಮಿಷ ಅತ್ತೆ. ಎಂಥಾ ಹಗುರ ಅಂತೀರಿ!

ಮಾರನೆಯ ದಿನ ಫ್ರೀವೇನಲ್ಲಿ ಟ್ರಾಫಿಕ್ಕು. ಆರು ನಿಮಿಷ ತಡವಾಗಿ ಏದುಸಿರು ಬಿಡುತ್ತಾ ಕ್ಲಾಸಿಗೆ ನುಗ್ಗಿದರೆ, ಬೋರ್ಡಿನ ಮುಂದೆ ನಯೋಮಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಗಡಿಯಾರ ತೋರಿಸಿದಳು, ಆಮೇಲೆ ಹಿಂದಿನ ಕುರ್ಚಿ ತೋರಿಸಿದಳು. ನಾನು ತಲೆ ತಗ್ಗಿಸಿಕೊಂಡು ಸೀದಾ ಹೋಗಿ ಕೂತೆ. ಮಕ್ಕಳು ಬಿದ್ದೂ ಬಿದ್ದೂ ನಗುತ್ತಿದ್ದರು. ಏಳುವುದಿಲ್ಲ ಎನ್ನುವ ಪಾಠವನ್ನು ವಾರವಿಡೀ ಪ್ರಾಕ್ಟೀಸ್ ಮಾಡಿದ್ದವಳಿಗೆ, ನಾನೂ ಹೋಗಲ್ಲ ಎನ್ನಬಹುದಿತ್ತೆಂದು ಹೊಳೆದದ್ದು ಕೂತಮೇಲೆ.